ಇಂಜಿನ್ ಚಾಲೂ ಇಟ್ಟು ನೋಡಿದ ಎಣ್ಣೆ

ನವೆಂಬರ್ ೧೮, ಮಂಗಳವಾರ

ಇವತ್ತು ಗಾಡಿ ಸರಿಯಾಗಿ ಗೇರ್ ಬದಲಿಸಿತು. ನಮ್ಮದು ಆಟೋಮ್ಯಾಟಿಕ್ ಗೇರಿನ ಹಳೆ ಪಿಕಪ್. ಹದಿನೈದು ದಿನದಿಂದ ಎರಡನೇ ಗೇರಿಗೆ ಹೋಗದೆ ಚೀರುತ್ತಿತ್ತು. ದೇವದುರ್ಗದಿಂದ ಹತ್ತಿ ತರುವ ಇವರು ದಾರಿಯಲ್ಲಿ ಎಲ್ಲಿ ಸಿಕ್ಕಿಬಿದ್ದಾರೋ ಎಂದು ನನಗೆ ದಿನವೂ ದಿಗಿಲು, ರಾತ್ರಿಯೆಲ್ಲ ನಿದ್ದೆಯಿಲ್ಲ. ನಾಳೆ ಹೈದರಾಬಾದಿಗೆ ಒಯ್ದು ಗೇರ್‌ಬಾಕ್ಸ್ ಬಿಚ್ಚಿಸುವುದೆಂದು ತೀರ್ಮಾನವಾಗಿತ್ತು.

ರಾತ್ರಿ ಪಾಪು ಎದ್ದಾಗಲೆಲ್ಲ ಗಾಡಿಯ ಇಂಗ್ಲಿಷ್ ಪುಸ್ತಕ ಓದುತ್ತಿದ್ದೆನಲ್ಲ, ಅದರಲ್ಲಿತ್ತು: ಗೇರಿನ ಎಣ್ಣೆಯನ್ನು ಇಂಜಿನ್ ಚಾಲೂ ಇಟ್ಟೇ ಅಳೆಯಬೇಕು. ಹೇಳಿದರೆ ಗಾಡಿ ರಿಪೇರಿಯ ಮೇಸ್ತ್ರಿ ದಸ್ತಗೀರ್ ಸಾಬ್ ನಕ್ಕರು.

"ನಲವತ್ತು ವರ್ಷದಿಂದ ಬಂದ್ ಮಾಡೇ ಎಣ್ಣಿ ನೋಡಾಕತ್ತೀನಿ, ಬೇಟಿ. ಕೂಸು ಮಲಗಿದಾಗಲೇ ಉಗುರು ತೆಗೀಬೇಕು, ಹೌದಿಲ್ಲ?"

"ಈ ಕೂಸಿಗೆ ಒಮ್ಮೆ ಎಚ್ಚರಿದ್ದಾಗ ನೋಡ್ರಿ, ಚಾಚಾ."

ಚಾಲೂ ಮಾಡಿ ಅಳತೆ ಕಡ್ಡಿ ಎಳೆದರೆ ತುದಿಗೂ ಎಣ್ಣೆ ಹತ್ತಿರಲಿಲ್ಲ.

"ಯಾ ಅಲ್ಲಾ! ಬಂದ್ ಇದ್ದಾಗ ಫುಲ್ ತೋರಿಸ್ತಿತ್ತಲ್ಲ!"

ಬಂದ್ ಮಾಡಿದರೆ ಒಳಗಿನ ಎಣ್ಣೆಯೆಲ್ಲ ತಳಕ್ಕಿಳಿದು ಹೆಚ್ಚು ತೋರಿಸುತ್ತದಂತೆ. ಎಣ್ಣೆ ತುಂಬಿಸಿ ಗಿಲ್ಲೆಸುಗೂರಿನವರೆಗೆ ಹೋಗಿಬಂದೆವು. ಗೇರ್ ಬಿದ್ದದ್ದೇ ತಿಳಿಯಲಿಲ್ಲ. ಪಾಪು ಮಡಿಲಲ್ಲೇ ನಿದ್ದೆಹೋದಳು. ಇವರು ದಾರಿಯುದ್ದಕ್ಕೂ "ಮೇಸ್ತ್ರಿಯವ್ವಾ" ಎಂದು ರೇಗಿಸಿದರು.

ಆದರೆ ಅಷ್ಟು ಎಣ್ಣೆ ಎಲ್ಲಿ ಸೋರಿತು? ಗಾಡಿಯ ಕೆಳಗೆ ರಟ್ಟು ಹಾಸಿ ಬಂದಿದ್ದೇನೆ. ಕಲೆ ಬಿದ್ದಿದೆಯೋ ಏನೋ, ಬೆಳಿಗ್ಗೆ ನೋಡಿದರಾಯಿತು.

ಬೆಳಿಗ್ಗೆ ನೋಡಿದರಾಯಿತು ಎಂದು ನಾನೇ ಬರೆದೆನೇ? ನಿದ್ದೆಗೆ ಕಣ್ಣು ಎಳೆಯುತ್ತಿ