ವಾಪಸ್ ಬರುವ ಖರ್ಚು

೧೭ ಜನವರಿ ೧೯೯೬, ಬುಧವಾರ. ಬೆಳಗ್ಗೆ ೭
ಚಹಾ ಆಯಿತು. ಪಂಜಾಬಿಗೆ ಹೋಗಿ ಬರುವ ಲೆಕ್ಕ ಮತ್ತೆ ಮೊದಲಿನಿಂದ.
ನಾಲ್ಕು ತಿಂಗಳು. ೧೨೦ ದಿನ. ನಾನು, ಗುಂಡವ್ವ — ಗಂಡ ಹೆಂಡತಿ ಇಬ್ಬರೇ. ಕೈಯಲ್ಲಿರುವುದು ೧೮,೦೦೦. ರೈಲು, ಬಸ್ಸಿಗೆ ೪,೦೦೦ ತೆಗೆದಿಟ್ಟೆ. ಜಡ್ಡು ಗಿಡ್ಡು ಬಂದರೆ ಔಷಧಕ್ಕೆ ೨,೦೦೦. ಉಳಿದದ್ದು ೧೨,೦೦೦. ದಿನಕ್ಕೆ ನೂರು. ಅದರಲ್ಲಿ ಮಲಗಲು ಎಷ್ಟು, ಉಣ್ಣಲು ಎಷ್ಟು... ಅಲ್ಲೇ ಸಿಕ್ಕಿಬಿದ್ದಿದ್ದೇನೆ. ಪಂಜಾಬಿನಲ್ಲಿ ಊಟಕ್ಕೆ ಎಷ್ಟು ಅಂತ ಸಿಂದಗಿಯಲ್ಲಿ ಒಬ್ಬನಿಗೂ ಗೊತ್ತಿಲ್ಲ. ಕೇಳಿದರೆ ಎಲ್ಲರೂ ಕಾಶಿಯ ರೇಟು ಹೇಳುತ್ತಾರೆ. ನಾವು ಕಾಶಿಗೆ ಹೋಗುತ್ತಿಲ್ಲ ಅಂದರೆ ಮುಖ ನೋಡುತ್ತಾರೆ.
ಊಟದ ಖರ್ಚು ಉಳಿಸಲು ಒಂದು ದಾರಿ ಹೊಳೆಯಿತು. ಖಡಕ್ ರೊಟ್ಟಿ ಒಯ್ಯುವುದು. ಕೆಡುವುದಿಲ್ಲ. ದಿನಕ್ಕೆ ಹತ್ತು. ೧,೨೦೦ ರೊಟ್ಟಿ. ಒಂದನ್ನು ತೂಗಿಸಿ ನೋಡಿದೆ, ೪೫ ಗ್ರಾಂ. ಒಟ್ಟು ೫೪ ಕೆಜಿ.
ಗುಂಡವ್ವನಿಗೆ ಓದಿ ಹೇಳಿದೆ.
"ಹೊರೋರು ಯಾರ್‍ರಿ?"
"ಹಮಾಲಗ ಕೊಟ್ರಾತು."
"ಬಡಿಯೋರು?"
ಅದನ್ನು ಯೋಚಿಸಿರಲಿಲ್ಲ.
"ಸಾವಿರದ ಇನ್ನೂರು ರೊಟ್ಟಿ ಬಡದು ನಾ ಇಲ್ಲೇ ಒಲಿ ಮುಂದ ಮಲಗ್ತೇನಿ. ನೀವು ಹೋಗಿ ಬರ್‍ರಿ" ಅಂದಳು.
ರೊಟ್ಟಿಯ ಲೆಕ್ಕ ಹೊಡೆದು ಹಾಕಿದೆ. ಊಟ ದಿನಕ್ಕೆ ೫೦ ಅಂತ ಬರೆದೆ. ಇರಲಿ.

೨೦ ಜನವರಿ, ಶನಿವಾರ
ಇಬ್ರಾಹಿಂಸಾಬ ನನ್ನ ಹಿಟ್ಟಿನ ಗಿರಣಿಯ ಬಾಡಿಗೆ ತಂದುಕೊಟ್ಟ. ಹೋದ ಮೇ ತಿಂಗಳಿಂದ ಗಿರಣಿ ಅವನೇ ನಡೆಸುತ್ತಾನೆ. ಪಕ್ಕದ ಮನೆಯವನೇ. ಉಳಿಯಿಂದ ಕಲ್ಲಿಗೆ ಹಲ್ಲು ಕಟಿಯುವುದು ಇನ್ನೂ ಬರುವುದಿಲ್ಲ, ಹಿಟ್ಟು ದಪ್ಪ ಬೀಳುತ್ತದೆ. ಹೇಳಿದೆ. ನಕ್ಕ.
"ಶಂಕರೆಪ್ಪ ಕಾಕಾ, ಖರೇನ ಹೋಗಾಕತ್ತೀರಿ? ಹಿಟ್ಟಿನ ಗಿರಣಿ ನೋಡಾಕ ಅಷ್ಟು ದೂರ? ಇಲ್ಲೇ ಬಂದು ಕುಂದರ್‍ರಿ, ಪುಗಸಟ್ಟೆ ತೋರಸ್ತೇನಿ."
ಅವನಿಗೆ ಏನು ಹೇಳುವುದು. ಮೂರು ವರ್ಷದ ಹಿಂದೆ ಒಬ್ಬ ಸರ್ದಾರ್ಜಿ ಲಾರಿ ಡ್ರೈವರ್ ಗೋಧಿ ಬೀಸಿಸಲು ಬಂದ. ಕರೆಂಟು ಇರಲಿಲ್ಲ, ಎರಡು ತಾಸು ಕೂತ. ನಮ್ಮ ಕಡೆ ಗುಡ್ಡದ ಮೇಲೆ ಹಳ್ಳದ ನೀರಿಗೆ ಗಿರಣಿ ತಿರುಗುತ್ತದೆ, ಕರೆಂಟೂ ಇಲ್ಲ, ಡೀಸೆಲ್ಲೂ ಇಲ್ಲ ಅಂದ. ಸುಳ್ಳು ಅಂದೆ. ಕೈಯಿಂದ ತೋರಿಸಿದ — ಕೆಳಗೆ ಚಕ್ರ, ಮೇಲೆ ಕಲ್ಲು. ನಡುವೆ ಪಟ್ಟಾ, ಕಲ್ಲು ತಿರುಗಿಸುವ ಬೆಲ್ಟು, ಎಲ್ಲಿ ಅಂದೆ. ಪಟ್ಟಾನೇ ಇಲ್ಲ ಅಂದ. ಪಟ್ಟಾ ಇಲ್ಲದೆ ಹೇಗೆ? ನೀರು ಹೆಚ್ಚಾದರೆ ಕಲ್ಲು ತಡೆಯುವವರು ಯಾರು? ಮೂರು ವರ್ಷದಿಂದ ತಲೆಯಲ್ಲಿ ತಿರುಗುತ್ತಿದೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು, ಪುಸ್ತಕದಲ್ಲಿ ಹುಡುಕಲು ಬರುವುದಿಲ್ಲ. ಹೋಗಿಯೇ ನೋಡಬೇಕು. ಏಪ್ರಿಲ್‌ನಲ್ಲಿ ಪಂಜಾಬಿನ ಗೋಧಿ ಸುಗ್ಗಿ, ಮೇ, ಜೂನ್ ಗುಡ್ಡ.
ನಿನಗೆ ಏನು ನೋಡಬೇಕು ಅಂತ ಗುಂಡವ್ವನನ್ನು ಇವತ್ತೇ ಮೊದಲು ಕೇಳಿದೆ.
"ಅಲ್ಲಿ ಹೆಂಗಸರು ಮಧ್ಯಾಹ್ನ ಹೊತ್ತು ಏನ್ ಮಾಡ್ತಾರ ನೋಡಬೇಕ್ರಿ."
ಇದೇನು ನೋಡುವುದು ಅಂದೆ. ಆದರೆ ಸಂಜೆತನಕ ಅದೇ ತಲೆಯಲ್ಲಿ. ಏನು ಮಾಡುತ್ತಾರೆ?

೩ ಫೆಬ್ರವರಿ, ಶನಿವಾರ
ಗುಂಡವ್ವ ಲೆಕ್ಕದ ಹಾಳೆಯ ಮೇಲೆ ಬಿಸಿ ಸಾರಿನ ಪಾತ್ರೆ ಇಟ್ಟಳು. ಅಂಬಾಲಾ ಊರಿನ ಖರ್ಚು ಪೂರ್ತಿ ಅಳಿಸಿಹೋಯಿತು. ಒದರಿದೆ. ಗಿರಣಿ ತನಕ ಕೇಳಿತಂತೆ.
ಬಾನುಬಿ ಮನೆಗೆ ಹೋದಳು. ಇಬ್ರಾಹಿಂಸಾಬನ ಹೆಂಡತಿ. ಅವರದು ರಮಜಾನ್ ಉಪವಾಸ, ಚಹಾ ಸಹ ಸಿಗುವುದಿಲ್ಲ. ಆದರೂ ಮೂರು ತಾಸು ಕೂತಳು. ಬಂದು ಎದುರು ನಿಂತಳು.
"ಒಂದು ಮಾತ ಕೇಳ್ತೇನಿ. ಇಲ್ಲಿ ನೀವು ಒದರಿದ್ರ ನನಗ ಬಾನುಬಿ ಮನಿ ಐತಿ. ಪಂಜಾಬಿನಾಗ ಎಲ್ಲಿ ಹೋಗಿ ಕುಂದರ್ಲಿ? ಆ ಖರ್ಚು ನಿಮ್ಮ ಲೆಕ್ಕದಾಗ ಎಲ್ಲೈತಿ?"
"ಅಲ್ಲಿ ಒದರೂದಿಲ್ಲ."
"ಯಾಕ, ಬಾಯಿ ಇಲ್ಲೇ ಇಟ್ಟು ಬರ್ತೀರೇನು?"
"ಗಿರಣಿ ಸಪ್ಪಳದಾಗ ಮಾತಾಡಿ ಮಾತಾಡಿ ಧ್ವನಿ ಹಂಗಾಗೇತಿ."
"ಗಿರಣಿ ಕೊಟ್ಟು ಒಂಬತ್ತು ತಿಂಗಳಾತು."
ಆಮೇಲೆ ತೀರ್ಮಾನ ಹೇಳಿದಳು. ಮೊದಲು ಎಂಟು ದಿನ ನಮ್ಮ ಕಡೆಯ ಊರುಗಳಲ್ಲೇ ತಿರುಗುವುದು. ಇಂಡಿ, ಮುದ್ದೇಬಿಹಾಳ, ಬಾಗೇವಾಡಿ. ಬೀಗರ ಮನೆ, ಮಗಳ ಮನೆಯಲ್ಲಿ ಉಳಿಯುವಂತಿಲ್ಲ. ದಿನಕ್ಕೆ ನೂರರಲ್ಲೇ. ಎಂಟು ದಿನ ನನ್ನ ಜೊತೆ ಇರಲು ಆದರೆ ನಾಲ್ಕು ತಿಂಗಳಿಗೆ ಬರುತ್ತಾಳೆ. ಆಗದಿದ್ದರೆ ಇಲ್ಲ.
ಮೂವತ್ತೆರಡು ವರ್ಷ ಜೊತೆಗಿದ್ದವಳಿಗೆ ಎಂಟು ದಿನದ ಪರೀಕ್ಷೆ. ಹೂಂ ಅಂದೆ.

೧೨ ಫೆಬ್ರವರಿ, ಸೋಮವಾರ. ಇಂಡಿ, ಲಾಡ್ಜ್
ರೂಮು ೪೦. ಊಟ ಇಬ್ಬರಿಗೆ ೧೮. ಬಸ್ಸು ಸೇರಿ ನೂರರೊಳಗೆ. ಲೆಕ್ಕ ಸರಿ ಬಂತು.
ಬಿಸಿನೀರಿನ ಬಕೆಟ್ಟಿಗೆ ಬೇರೆ ಮೂರು ರೂಪಾಯಿ ಅಂದ ಮ್ಯಾನೇಜರ್. ಒದರಿದೆ. ಗುಂಡವ್ವ ತಣ್ಣೀರಲ್ಲೇ ಮುಖ ತೊಳೆದಳು.
"ಅವಗ ಒದರಿದೆ, ನಿನಗಲ್ಲ."
"ಕಿವಿ ನನ್ನವೂ ಇದ್ವು."
ಮಧ್ಯಾಹ್ನ ನಿಂಬೆಹಣ್ಣಿನ ರಾಶಿಯ ಹತ್ತಿರ ಕೂತುಬಿಟ್ಟಳು. ಒಬ್ಬ ಹೆಂಗಸು ಹಣ್ಣು ಆರಿಸುತ್ತಿದ್ದಳು. ಕಣ್ಣು ರಸ್ತೆಯ ಮೇಲೆ, ಕೈ ಹಣ್ಣಿನ ಮೇಲೆ. ದೊಡ್ಡದು ಆ ಕಡೆ, ಸಣ್ಣದು ಈ ಕಡೆ, ಒಂದೂ ತಪ್ಪಲಿಲ್ಲ. ನಾನೂ ನಿಂತೆ. ಕೈಗೆ ಹೇಗೆ ಗೊತ್ತಾಗುತ್ತದೆ? ನಾನೂ ಹಿಟ್ಟು ಮುಟ್ಟಿ ಕಲ್ಲು ಬಿಗಿ ಮಾಡುತ್ತಿದ್ದೆ. ಅದೇ ಇರಬೇಕು.

೧೪ ಫೆಬ್ರವರಿ, ಬುಧವಾರ. ಸಿಂದಗಿ, ಮನೆ
ಮೂರನೇ ದಿನಕ್ಕೇ ಮುಗಿಯಿತು.
ಮುದ್ದೇಬಿಹಾಳ ಬಸ್ ಸ್ಟ್ಯಾಂಡ್. ಬಾಗೇವಾಡಿ ಬಸ್ಸು ಬಂದು ನಿಂತಿದೆ, ಇವಳಿಲ್ಲ. ಹುಡುಕಿದೆ. ಬಸ್ಸು ಹೋಯಿತು. ಹಿಂದಿನ ಗೋಡೆಯ ನೆರಳಲ್ಲಿ ಒಬ್ಬ ಹೆಂಗಸು ಬೀಸುವ ಕಲ್ಲು ಕಟಿಯುತ್ತಿದ್ದಳು, ಅವಳೆದುರು ಇವಳು ಕುಕ್ಕರುಗಾಲಲ್ಲಿ. ಒದರಿದೆ. ಏನೇನು ಅಂದೆನೋ ಬರೆಯುವುದಿಲ್ಲ. ಇಡೀ ಸ್ಟ್ಯಾಂಡು ತಿರುಗಿ ನೋಡಿತು.
ಎದ್ದು ಹೋಗಿ ಹೆಂಗಸರ ಬೆಂಚಿನ ಮೇಲೆ ಗುರುತಿಲ್ಲದವರ ನಡುವೆ ಕೂತಳು. ಕರೆದೆ. ಬರಲಿಲ್ಲ. ಹತ್ತಿರ ಹೋದ ಮೇಲೆ ಒಂದೇ ಮಾತು ಅಂದಳು.
"ನನ್ನ ಹಂತೇಕ ಟಿಕೀಟಿನ ರೊಕ್ಕ ಇದ್ದಿದ್ರ ಇಷ್ಟೊತ್ತಿಗೆ ಸಿಂದಗಿ ಮುಟ್ಟಿರ್ತಿದ್ದೆ. ಇಲ್ಲ, ಅದಕ್ಕ ಕುಂತೇನಿ."
ಸಿಂದಗಿ ಬಸ್ಸಿಗೇ ಹತ್ತಿದೆವು. ಬೇರೆ ಬೇರೆ ಸೀಟು.
ಆ ಹೆಂಗಸು ಉಳಿಯನ್ನು ಎಷ್ಟು ಓರೆ ಹಿಡಿದಿದ್ದಳು, ನೋಡಲೇ ಇಲ್ಲ.

೨ ಮಾರ್ಚ್, ಶನಿವಾರ
ಹದಿನೇಳು ದಿನ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ. ಊಟ, ನಿದ್ದೆ, ಗಡಿಯಾರ.
ಗೊಳಸಂಗಿಯಿಂದ ಮಗಳು ದಾನೇಶ್ವರಿ ಬಂದಳು. ಅಲ್ಲಿ ಸಾಲಿ ಟೀಚರ್. ನನ್ನ ಹಾಳೆ ಪೂರ್ತಿ ಓದಿದಳು, ಪೇಪರ್ ತಿದ್ದುವ ಹಾಗೆ.
"ಯಪ್ಪಾ, ಲೆಕ್ಕ ಚಲೋ ಐತಿ. ಆದ್ರ ಎಲ್ಲಾ ರೊಕ್ಕ ನಿನ್ನ ಕಿಸೆದಾಗ ಐತಿ."
"ಮತ್ತ ಯಾರ ಕಿಸೆದಾಗ ಇರಬೇಕು?"
"ಅವ್ವನ್ನ ಕೇಳು."
ಒಳಗಿಂದ ಗುಂಡವ್ವ ಹೇಳಿದಳು. ಹಿಂದೆಯೇ ಯೋಚಿಸಿಟ್ಟಿದ್ದಳು. ಎಲ್ಲಿಂದಾದರೂ ಒಬ್ಬಳೇ ಸಿಂದಗಿಗೆ ವಾಪಸ್ ಬರುವಷ್ಟು ದುಡ್ಡು ಅವಳ ಕೈಯಲ್ಲಿ ಇರಬೇಕು. ನಾನು ಎಣಿಸಬಾರದು. ಕೇಳಬಾರದು. ಹಾಗಿದ್ದರೆ ಬರುತ್ತಾಳೆ.
"ಅಂದ್ರ ನನ್ನ ಬಿಟ್ಟು ಓಡಿ ಬರಾಕ ನಾನ ರೊಕ್ಕ ಕೊಡಬೇಕು?"
"ಹೌದ್ರಿ."
ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದೆ. ಬಜಾರದ ತನಕ ಬೈದುಕೊಂಡೇ ಹೋದೆ. ಅಲ್ಲಿ ಕಿಸೆ ಮುಟ್ಟಿದರೆ ಖಾಲಿ. ಸಿಟ್ಟಿನಲ್ಲಿ ಪಾಕೀಟು ಮನೆಯಲ್ಲೇ ಬಿಟ್ಟಿದ್ದೆ. ಚಹಾ ಕುಡಿಯಬೇಕಿತ್ತು. ಅಂಗಡಿಯವನು ಗುರುತಿನವನೇ, ಉದ್ರಿ ಕೊಡುತ್ತಿದ್ದ. ಕೇಳಲು ಬಾಯಿ ಬರಲಿಲ್ಲ. ಮನೆಗೆ ಬಂದೆ. ಪಾಕೀಟು ಗುಂಡವ್ವನ ಕೈಯಲ್ಲಿ.
ಹೇಗಿರುತ್ತದೆ ನೋಡೋಣ ಅನಿಸಿತು.
"ಎರಡು ರೂಪಾಯಿ ಕೊಡು" ಅಂದೆ.
"ಯಾಕ?"
"ಚಹಾಕ್ಕ."
"ಮನ್ಯಾಗ ಚಹಾ ಇಲ್ಲೇನು?"
ಈ ಮಾತು ಎಲ್ಲೋ ಕೇಳಿದ್ದೇನೆ ಅನಿಸಿತು. ನನ್ನದೇ ಮಾತು. ದಾನೇಶ್ವರಿ ಸೆರಗು ಬಾಯಿಗೆ ಹಿಡಿದು ಅಡುಗೆಮನೆಗೆ ಹೋದಳು.

೫ ಮಾರ್ಚ್, ಮಂಗಳವಾರ
೯೦೦ ಕೊಟ್ಟೆ. ನನ್ನೆದುರು ಎಣಿಸಲಿಲ್ಲ. ಎಲ್ಲಿಟ್ಟಳೋ ಗೊತ್ತಿಲ್ಲ.
ಈಗ ೧೧,೧೦೦. ದಿನಕ್ಕೆ ತೊಂಬತ್ತೆರಡೂವರೆ. ಹಾಳೆಯಲ್ಲಿ ಆ ೯೦೦ಕ್ಕೆ ಏನಂತ ಹೆಸರು ಬರೆಯಬೇಕು ತಿಳಿಯಲಿಲ್ಲ. 'ಗುಂಡವ್ವ' ಅಂತ ಬರೆದೆ.

೧೨ ಮಾರ್ಚ್, ಮಂಗಳವಾರ
ಸೊಲ್ಲಾಪುರಕ್ಕೆ ಹೋಗಿ ದಿಲ್ಲಿ ರೈಲಿಗೆ ಎರಡು ಸೀಟು ಬುಕ್ ಮಾಡಿಸಿದೆ. ಫಾರ್ಮಿನಲ್ಲಿ ವಯಸ್ಸು ಕೇಳಿದ್ದರು. ನನ್ನದು ೬೧. ಅವಳದು ೫೪ ಅಂತ ಬರೆದೆ. ಮನೆಗೆ ಬಂದು ಹೇಳಿದರೆ ೫೨ ಅಂತೆ.

೨೫ ಮಾರ್ಚ್, ಸೋಮವಾರ. ಇಂಡಿ ರೋಡ್ ಸ್ಟೇಷನ್. ೧೦.೩೦
ಸೊಲ್ಲಾಪುರದ ಗಾಡಿ ಒಂದು ಗಂಟೆಗೆ. ನಾನು ಮೊದಲ ಬಸ್ಸಿಗೇ ಎಬ್ಬಿಸಿಕೊಂಡು ಬಂದೆ. ಇಷ್ಟು ಮುಂಚೆ ಯಾಕ್ರಿ ಅಂದಿದ್ದಳು. ಕೇಳಲಿಲ್ಲ.
ಬೆಂಚು ಬಿಸಿ. ಚೀಲ ಮೂರು. ಇವಳು ಪ್ಲಾಟ್‌ಫಾರ್ಮಿನ ಆ ತುದಿಗೆ ಹೋಗಿ ಯಾರೋ ಹೆಂಗಸಿನ ಜೊತೆ ಮಾತಿಗೆ ನಿಂತಳು. ಗಾಡಿಗೆ ಇನ್ನೂ ಎರಡೂವರೆ ತಾಸು. ಏನೂ ಅವಸರ ಇರಲಿಲ್ಲ. ಆದರೂ ಒದರಿದೆ. "ಏ, ಬಾ ಇಲ್ಲೆ, ಹೋದಲ್ಲೆಲ್ಲ ಬೇರು ಬಿಡ್ತಿ." ಹಮಾಲರು ನಕ್ಕರು.
ಬಂದಳು. ತನ್ನ ಸಣ್ಣ ಚೀಲ ತೆಗೆದುಕೊಂಡಳು. ಹೊರಗೆ ಇಂಡಿಗೆ ಹೋಗುವ ಟೆಂಪೋ ನಿಂತಿತ್ತು. ಹತ್ತಿದಳು. ಹೋಯಿತು.

೧೧.೧೫
ಹಿಂದೆ ಹೋಗಲಿಲ್ಲ. ಚೀಲ ಬಿಟ್ಟು ಹೇಗೆ ಹೋಗುವುದು. ಚೀಲ ಬರೀ ನೆಪ. ಹೋಗಿ ಏನನ್ನುವುದು ಅಂತ ಗೊತ್ತಿಲ್ಲ.
ದುಡ್ಡು ಅವಳದು. ಹನ್ನೆರಡರ ಬಸ್ಸು ಸಿಕ್ಕರೆ ಎರಡಕ್ಕೆ ಸಿಂದಗಿ.
ಎರಡು ಟಿಕೆಟೂ ನನ್ನ ಕಿಸೆಯಲ್ಲಿ. ಒಂದು ವಾಪಸ್ ಕೊಡಬೇಕೆ? ಟಿಕೆಟ್ ಕಿಟಕಿಯ ಹತ್ತಿರ ಹೋದೆ. ಮುಂದಿನವನದು ಮುಗಿಯಿತು, ನನ್ನ ಸರದಿ ಬಂತು. ಏನೂ ಕೇಳದೆ ತಿರುಗಿ ಬಂದೆ. ಒಬ್ಬನೇ ಹೋಗಬಹುದು. ನೀರಿನ ಗಿರಣಿ ನೋಡಬಹುದು. ನೋಡಿ ಯಾರಿಗೆ ಹೇಳುವುದು. ಮಧ್ಯಾಹ್ನ ಹೊತ್ತು ಆ ಹೆಂಗಸರ ಹತ್ತಿರ ನನ್ನನ್ನು ಯಾರು ಕೂಡಿಸಿಕೊಳ್ಳುತ್ತಾರೆ.
ಈಗ ಅವಳು ಏನು ಯೋಚಿಸುತ್ತಿರಬಹುದು? ಮೂವತ್ತೆರಡು ವರ್ಷ. ಅಂದಾಜೇ ಸಿಗುತ್ತಿಲ್ಲ.

೧೨.೩೫
ಬಂದಳು. ಬೇರೆ ಟೆಂಪೋದಲ್ಲಿ. ಬೆಂಚಿನ ಆ ತುದಿಗೆ ಕೂತಳು. ನಾಲಿಗೆ ಹಲ್ಲಿನ ನಡುವೆ ಹಿಡಿದುಕೊಂಡಿದ್ದೆ.
ಅವಳೇ ಹೇಳಿದಳು. "ಸಿಂದಗಿ ಬಸ್ ನಿಂತಿತ್ತು. ಹತ್ತಿ ಕುಂತೆ. ಕಂಡಕ್ಟರ್ ಎಲ್ಲಿಗಿ ಅಂದ. ಇಳದು ಬಂದೆ."
"ಯಾಕ?"
"ಬೇಕಾದಾಗ ಹೋಗಾಕ ಬರ್ತೈತಿ ಅಂತ ಗೊತ್ತಾತಲ್ಲ. ಇನ್ನ ನಡೀರಿ ನಿಮ್ಮ ಪಂಜಾಬಿಗೆ."
"ಸಿಟ್ಟು ಹೋತೇನು?"
"ಇಲ್ಲ. ಅದನ್ನೂ ಸಂಗಾಟ ತರಾಕತ್ತೇನಿ. ಅದಕ್ಕೇನು ಟಿಕೀಟ ಬ್ಯಾಡಲ್ಲ."
ಟೆಂಪೋಕ್ಕೆ ಎಷ್ಟು ಕೊಟ್ಟೆ ಅಂತ ಕೇಳಿದೆ. ನಿಮಗ್ಯಾಕ ಅಂದಳು. ಅದೂ ಖರೆ.
ಇನ್ನೊಮ್ಮೆ ಒದರಿದರೆ ಏನು ಮಾಡುತ್ತೀ ಅಂತಲೂ ಕೇಳಬೇಕಿದೆ. ಗಾಡಿ ಬಂತು. ಅವಳು ಆಗಲೇ ದೊಡ್ಡ ಚೀಲ ಎತ್ತಿಕೊಂಡು ಮುಂದೆ ನಡೆದಳು.