ಹೌದು ಎಂಬ ಮೊಹರು

ಮಾರ್ಚ್ ೧೨, ಮಂಗಳವಾರ

ನನ್ನ ಮುದ್ದು ಕಂದ,

ನೀನೂ ಮಗುವೂ ಚೆನ್ನಾಗಿದ್ದೀರೆಂದು ನಿನ್ನ ಗಂಡ ಫೋನಿನಲ್ಲಿ ಹೇಳಿದ. ಮಗುವಿನ ಕಿವಿ ಥೇಟ್ ನಿನ್ನವೇ ಅಂತೆ. ಪಾಪ, ಟೋಪಿ ನಿಲ್ಲುವುದು ಕಷ್ಟ. ನಿನ್ನ ಪತ್ರ ಬಂದು ಹದಿನೆಂಟು ದಿನವಾದರೂ ಉತ್ತರ ಬರೆಯಲಿಲ್ಲವೆಂದು ಬೈದುಕೋ. ಮಂಡಿನೋವು ಎಂದು ನೆಪ ಹೇಳಬಹುದಿತ್ತು, ಆದರೆ ಬರೆಯುವುದು ಮಂಡಿಯಿಂದಲ್ಲವಲ್ಲ.

ಆಸ್ಪತ್ರೆಯಲ್ಲಿ ನರ್ಸ್ "ನಿಮ್ಮ ಮನೇಲಿ ಯಾರಿಗಾದ್ರೂ ಹೆರಿಗೇಲಿ ತೊಂದರೆ ಆಗಿತ್ತಾ?" ಎಂದು ಕೇಳಿದಾಗ ಏನು ಹೇಳಬೇಕೋ ತಿಳಿಯಲಿಲ್ಲ ಎಂದು ಬರೆದಿದ್ದೀಯ. ನನ್ನ ತಂಗಿ, ನಿನ್ನಮ್ಮ, ಕಾಯಿಲೆಯಿಂದ ಹೋದಳು ಎಂದಷ್ಟೇ ಹೇಳಿ ನಿನ್ನನ್ನು ಬೆಳೆಸಿದೆ. ಅದು ಸುಳ್ಳು. ಈಗ ನಿನಗೂ ಹೊಟ್ಟೆ ಕೊಯ್ದು ಮಗು ತೆಗೆದಿದ್ದಾರೆ. ಇನ್ನು ಮುಚ್ಚಿಡುವ ಹಾಗಿಲ್ಲ.

ನಿನ್ನನ್ನೂ ಹಾಗೆಯೇ ತೆಗೆದರು, ನಾನು ಗುಮಾಸ್ತೆಯಾಗಿದ್ದ ಹೆರಿಗೆ ವಾರ್ಡಿನಲ್ಲೇ. ಬಾಣಂತಿ ಮನೆಗೆ ಹೊರಟಾಗ ಅಲ್ಲೊಂದು ಹಾಳೆ ತುಂಬಬೇಕಿತ್ತು. ಅದರ ಕೊನೆಯ ಸಾಲು: 'ಮತ್ತೆ ಬಸಿರಾಗುವುದನ್ನು ಮುಂದೂಡುವ ಬಗ್ಗೆ ತಿಳಿವಳಿಕೆ ಕೊಡಲಾಗಿದೆಯೇ?' ನಾವು ಬೆನ್ನ ಹಿಂದೆ ರೂಲುದೊಣ್ಣೆ ಎನ್ನುತ್ತಿದ್ದ ಹೆಡ್ ಸಿಸ್ಟರ್ ಅದಕ್ಕೊಂದು ರಬ್ಬರ್ ಮೊಹರು ಮಾಡಿಸಿದ್ದಳು. 'ಹೌದು.' ಬೆಳಗ್ಗೆಯೇ ಕಂತೆಗೆ ಕಂತೆ ಒತ್ತಿಡಬೇಕು. ಒತ್ತುವ ಕೆಲಸ ನನ್ನದು. ಬಹುಪಾಲು ಬಾಣಂತಿಯರಿಗೆ ಯಾರೂ ಏನೂ ಹೇಳುತ್ತಿರಲಿಲ್ಲ. ಆ ಹಾಳೆಗಳ ಬಲದಿಂದ ನಮಗೆ 'ಅತ್ಯುತ್ತಮ ವಾರ್ಡ್' ಎಂಬ ಫಲಕವೂ ಬಂತು.

ನಿನಗೆ ಏಳು ತಿಂಗಳು, ಆಗಷ್ಟೇ ಗಂಜಿ ತಿನ್ನಲು ಶುರುಮಾಡಿದ್ದೆ. ನಿನ್ನಮ್ಮ ಮತ್ತೆ ಬಸಿರಾದಳು. ಮುಟ್ಟು ಇನ್ನೂ ಬಂದೇ ಇರಲಿಲ್ಲವಾದ್ದರಿಂದ ತಿಳಿದದ್ದೇ ತಡವಾಗಿ. ಏಳನೇ ತಿಂಗಳ ಒಂದು ಮಧ್ಯಾಹ್ನ ಬಟ್ಟೆ ಹಿಂಡುತ್ತಿದ್ದವಳು ಕುಸಿದಳು. ಹಳೆಯ ಹೊಲಿಗೆ ಒಳಗೇ ಬಿರಿದಿತ್ತು. ನಮ್ಮ ವಾರ್ಡಿಗೇ ತಂದರೂ ತಾಯಿ, ಮಗು ಇಬ್ಬರೂ ಉಳಿಯಲಿಲ್ಲ.

ನಿನ್ನನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ ನಿನ್ನಪ್ಪನಿಗೆ ರೂಲುದೊಣ್ಣೆ ಆ ಹಾಳೆ ತೆಗೆದು ತೋರಿಸಿದಳು. "ನಾವು ಎಲ್ಲಾ ಹೇಳೇ ಕಳಿಸಿದ್ವಿ. ಇಲ್ಲೇ ಇದೆ ನೋಡಿ, ಹೌದು ಅಂತ. ಕಿವಿಗೆ ಹಾಕ್ಕೊಳ್ಳದಿದ್ರೆ ನಾವೇನ್ ಮಾಡೋಕಾಗುತ್ತೆ?"

ನಿನ್ನಪ್ಪ ನಂಬಿದ. ಇರುವವರೆಗೂ "ಅವಳು ನಂಗೊಂದು ಮಾತು ಹೇಳ್ಬಹುದಿತ್ತು" ಎಂದು ಕೊರಗಿದ. ತಂಗಿಯ ಮೈ ಇನ್ನೂ ಆರಿರಲಿಲ್ಲ, ಆಗಲೇ ತಪ್ಪು ಅವಳ ತಲೆಗೆ ಕಟ್ಟಿಯಾಗಿತ್ತು. ಈ ರೂಲುದೊಣ್ಣೆಯನ್ನು ಸುಮ್ಮನೆ ಬಿಡುವುದಿಲ್ಲ ಎಂದು ಅಲ್ಲೇ ಹಲ್ಲು ಕಚ್ಚಿದೆ.

ಎಂಟು ತಿಂಗಳು ಅವಳಿಗೆ ದಿನಾ "ನಮಸ್ಕಾರ ಸಿಸ್ಟರ್" ಎನ್ನುತ್ತಲೇ ಇದ್ದೆ. ರಜೆಯ ದಿನ ಹಾಳೆಗಳಿಂದ ವಿಳಾಸ ಬರೆದುಕೊಂಡು ಮನೆ ಮನೆ ತಿರುಗಿದೆ. ಕೇಳುತ್ತಿದ್ದದ್ದು ಒಂದೇ, ಆಸ್ಪತ್ರೆಯಿಂದ ಬರುವಾಗ ನಿಮಗೆ ಏನು ಹೇಳಿದರು? ಒಬ್ಬಳು, "ಹೇಳಿದ್ರಲ್ಲ, ಮೆಟ್ಟಿಲು ಇಳಿಯೋವಾಗ ಹುಷಾರು ಅಂತ" ಎಂದಳು. ಒಂದು ಮನೆಯಲ್ಲಿ ಅತ್ತೆ, "ಅಂಥದ್ದೆಲ್ಲ ನಮ್ಮನೇಲಿ ಮಾತಾಡಲ್ಲ" ಎಂದು ಬಾಗಿಲು ಹಾಕಿದಳು. ಹಿತ್ತಲ ಕಿಟಕಿಯಿಂದ ಸೊಸೆ ಕೈಬೀಸಿ ಕರೆದಳು. "ಬಸಿರು ತಡೆಯೋಕೆ ಏನೇನಿದೆ ಬೇಗ ಹೇಳಿ, ಅತ್ತೆ ಒಲೆ ಹತ್ರ ಇದ್ದಾರೆ." ನನಗೇ ಸರಿಯಾಗಿ ಗೊತ್ತಿರಲಿಲ್ಲ. ಆಮೇಲೆ ಓದಿ ಕಲಿತು, ಮತ್ತೆ ಹೋಗಿ ಅದೇ ಕಿಟಕಿಯಲ್ಲಿ ಹೇಳಿ ಬಂದೆ. ನೂರ ನಲವತ್ತು ಹೆಂಗಸರಲ್ಲಿ ಏನಾದರೂ ಕೇಳಿಸಿಕೊಂಡವರು ಏಳು ಜನ.

ಮೇಲಧಿಕಾರಿ ಮೇಡಂ ವಾರ್ಡ್ ನೋಡಲು ಬಂದ ದಿನ ಆ ಹೆಂಗಸರಲ್ಲಿ ಮೂವತ್ತೊಂದು ಜನರನ್ನು ಕರೆಸಿ ಹೊರಗಿನ ಬೆಂಚುಗಳ ಮೇಲೆ ಕೂರಿಸಿದ್ದೆ. ಮೇಡಂ ಹಾಳೆಗಳನ್ನು ಹೊಗಳುತ್ತಿದ್ದಾಗ, "ಈ ಹಾಳೆಯವರು ಹೊರಗೇ ಕೂತಿದ್ದಾರೆ, ಒಂದು ಮಾತು ಕೇಳಿ ಮೇಡಂ" ಎಂದೆ.

ಮೇಡಂ ಎದ್ದು ಹೋಗಿ, ಮೊದಲ ಬೆಂಚಿನಲ್ಲಿದ್ದ ಇಸ್ತ್ರಿ ಅಂಗಡಿಯ ಹೆಂಗಸೊಬ್ಬಳನ್ನು ಕೇಳಿದರು. "ನಿಮಗೆ ಏನು ಹೇಳಿ ಕಳಿಸಿದ್ರಮ್ಮ?"

"ಹಾಸಿಗೆ ಬೇಗ ಖಾಲಿ ಮಾಡು ಅಂದ್ರು."

ಯಾರೋ ನಕ್ಕರು. ಉಳಿದ ಮೂವತ್ತು ಜನ ಹೆಚ್ಚುಕಡಿಮೆ ಅದನ್ನೇ ಹೇಳುತ್ತ ಬಂದಂತೆ ನಗು ನಿಂತಿತು. ನಾನು ಮೊಹರು ತಂದು ಮೇಡಂ ಕೈಯಲ್ಲಿಟ್ಟೆ. ರೂಲುದೊಣ್ಣೆಯ ಮುಖ ಸುಣ್ಣವಾಯಿತು. ಅವಳನ್ನು ವಾರ್ಡಿನಿಂದ ಎತ್ತಿ, ಹಾಸುಬಟ್ಟೆ ಎಣಿಸುವ ಕೋಣೆಗೆ ಹಾಕಿದರು. ಫಲಕ ಇಳಿಸಿದರು.

ನನಗೆ ಅಷ್ಟು ಸಾಲಲಿಲ್ಲ. ಎರಡು ವರ್ಷದ ಮೇಲೆ ಅವಳ ಸ್ವಂತ ಮಗಳು ನಮ್ಮಲ್ಲೇ ಹೆತ್ತಳು. ಅಷ್ಟರಲ್ಲಿ ತರಬೇತಿ ಕೊಟ್ಟು, ಬಾಣಂತಿಯರಿಗೆ ಪಾಠ ಹೇಳುವ ಕೆಲಸ ನನಗೇ ವಹಿಸಿದ್ದರು. ಅವಳು ಮಗಳ ಪಕ್ಕ ಕೂತಿದ್ದಳು. "ಈ ಚಿತ್ರದ ಹಾಳೆ ಹಿಡ್ಕೊಳ್ಳಿ ಸಿಸ್ಟರ್. ಇನ್ನೂ ಮೇಲೆ, ಹಿಂದಿನವರಿಗೂ ಕಾಣ್ಲಿ" ಎಂದೆ. ಒಂದು ಗಂಟೆ ಹಿಡಿಸಿದೆ. ಅವಳು ಕೈ ಇಳಿಸಿದಾಗಲೆಲ್ಲ "ಮೇಲೆ ಸಿಸ್ಟರ್" ಎಂದೆ. ಕೊನೆಗೆ ಮಗಳು ಕೇಳಿದಳು, "ಅಮ್ಮ, ಇದನ್ನೆಲ್ಲ ನೀನೂ ಎಲ್ಲರಿಗೂ ಹೇಳ್ತಿದ್ದೆ ಅಲ್ವಾ?"

ಅವಳು ಆ ಹಾಳೆಯನ್ನೇ ಮುಖಕ್ಕೆ ಅಡ್ಡ ಹಿಡಿದಳು. ಅದು ನನಗೆ ಎಷ್ಟು ರುಚಿಸಿತೆಂದು ಹೇಳಲಾರೆ. ಕ್ಷಮಿಸಿಬಿಟ್ಟೆ ಎಂದು ನಿನಗೆ ಹೇಳುವುದಿಲ್ಲ. ಕ್ಷಮಿಸಿಲ್ಲ.

ಈಗ ನಿನ್ನ ವಿಷಯ. ಹಾಲು ಕುಡಿಸುತ್ತಿದ್ದೇನೆಂದು ನಿಶ್ಚಿಂತೆಯಾಗಿ ಇರಬೇಡ. ಮಗುವಿಗೆ ಆರು ತಿಂಗಳು ತುಂಬದೆ, ಹಗಲೂ ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡದೆ, ಮುಟ್ಟೂ ಬಾರದೆ ಇದ್ದರೆ ಮಾತ್ರ ಅದನ್ನು ನಂಬಬಹುದು. ಮೂರರಲ್ಲಿ ಒಂದು ತಪ್ಪಿದರೂ ಇಲ್ಲ. ಹಾಲೂಡುವವರಿಗೆ ಆಗುವ ಮಾತ್ರೆ ಬೇರೆ ಇದೆ, ಚುಚ್ಚುಮದ್ದು ಇದೆ, ಕಾಪರ್ ಟಿ ಇದೆ, ನಿನ್ನ ಗಂಡ ಬಳಸುವಂಥದ್ದೂ ಇದೆ. ಅವನನ್ನೂ ಕರೆದುಕೊಂಡು ಈ ವಾರವೇ ಡಾಕ್ಟರ ಹತ್ತಿರ ಹೋಗು. ನಿನ್ನ ಹೊಲಿಗೆ ಗಟ್ಟಿಯಾಗಲು ಸಮಯ ಬೇಕು. ಯಾರು ಮುಖ ಸಿಂಡರಿಸಿದರೂ ಬಾಯಿಬಿಟ್ಟು ಕೇಳು.

ನೂರು ವರ್ಷ ಬಾಳು. ನಿನ್ನ ಮಗಳು ನಿನ್ನ ತಲೆ ನರೆಯುವುದನ್ನು ನೋಡಲಿ.

ನಿನ್ನ
ದೊಡ್ಡಮ್ಮ

ಮತ್ತೆ ಬರೆದದ್ದು: ಪತ್ರ ಮಡಿಚಿದ್ದೆ, ಬಿಚ್ಚಿದೆ. ನಿನ್ನನ್ನು ಎತ್ತಿಕೊಂಡು ಮನೆಗೆ ಹೊರಟ ದಿನ ನಿನ್ನಮ್ಮ ನನ್ನ ಮೇಜಿನ ಹತ್ತಿರ ಬಂದು ಬಗ್ಗಿ ಕೇಳಿದಳು, "ಅಕ್ಕಾ, ಇನ್ನೆರಡು ವರ್ಷ ಬೇಡ ಅಂದ್ರೆ ಏನ್ ಮಾಡ್ಬೇಕು? ಸಿಸ್ಟರನ್ನ ಕೇಳೋಕೆ ನಾಚಿಕೆ ಆಗುತ್ತೆ." ಎದುರಿಗೆ ಔಷಧಿ ಅಂಗಡಿಯವನು ನಿಂತಿದ್ದ. ನನಗೂ ನಾಚಿಕೆಯಾಯಿತು. "ಹಾಲು ಕುಡಿಸೋವಾಗ ಏನೂ ಆಗಲ್ಲ, ಹೋಗೇ" ಎಂದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಅಕ್ಕ ಹೇಳಿದಳೆಂದು ನಂಬಿ ಹೋದಳು. ರೂಲುದೊಣ್ಣೆಗೆ ಸಲ್ಲಬೇಕಾದ್ದನ್ನು ಸಲ್ಲಿಸಿದೆ. ನನಗೆ ಸಲ್ಲಬೇಕಾದ್ದು ಇಪ್ಪತ್ತನಾಲ್ಕು ವರ್ಷದಿಂದ ಹಾಗೇ ಇದೆ, ಕಂದ. ಅದನ್ನು ಕೊಡುವ ಹಕ್ಕು ಇರುವುದು ನಿನಗೊಬ್ಬಳಿಗೇ.