ರೆಪ್ಪೆ ಹೊಡೆಯದ ಕಲ್ಲಿನ ಹುಡುಗಿ

ಚನ್ನಗಿರಿ
ತಾ. ೨೪-೩-೧೯೪೬

ಪ್ರೀತಿಯ ಅಕ್ಕ ತಿಪ್ಪಮ್ಮನಿಗೆ, ನಿನ್ನ ಸಿನಿಮಾ ಹುಚ್ಚಿನ ತಂಗಿ ಚೌಡಮ್ಮ ಮಾಡುವ ನಮಸ್ಕಾರಗಳು. ನಾವಿಲ್ಲಿ ಕ್ಷೇಮವಾಗಿದ್ದೇವೆ. ಜಗಳೂರಿನಲ್ಲಿ ನೀನು, ಭಾವ, ಮಕ್ಕಳು, ಅವ್ವ ಎಲ್ಲರೂ ಆರೋಗ್ಯವೆಂದು ನಂಬಿದ್ದೇನೆ. ಈ ಕಾಗದವನ್ನು ಅವ್ವನ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದು. ಭಾವನೂ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು.

ನಿನ್ನ ಕಾಗದ ಓದಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಯುಗಾದಿ ಅಮಾವಾಸ್ಯೆಗೆ ನಮ್ಮ ಪುಟ್ಟ ತಂಗಿ ಗಾದ್ರಿಯ ಹೆಸರಿನಲ್ಲಿ ಹಿಟ್ಟಿನ ಗೊಂಬೆ ಮಾಡಿ ಮಣ್ಣು ಮಾಡಿಬಿಡುತ್ತೇವೆ ಎಂದು ಭಾವ ಹಿರಿಯರ ಮುಂದೆ ಒಪ್ಪಿಕೊಂಡು ಬಂದಿದ್ದಾರಂತೆ. ನಿನ್ನ ಮಗಳನ್ನು ನೋಡಲು ಬಂದವರು, ಚಿಕ್ಕಮ್ಮ ಇದ್ದಾಳೋ ಸತ್ತಿದ್ದಾಳೋ ಹೇಳಿ ಎಂದು ಕೇಳಿದರೆಂದು ಭಾವ ಸತ್ತಿದ್ದಾಳೆ ಅಂದುಬಿಡುವುದೇ? ನಾಟಕದ ಕಂಪನಿಯ ಹಿಂದೆ ಹೋದ ಹುಡುಗಿ ನಾಲ್ಕು ವರ್ಷ ಕಾಗದ ಬರೆಯಲಿಲ್ಲ, ನಿಜ. ಕಾಗದ ಬರೆಯದವರಿಗೆಲ್ಲ ಮಣ್ಣು ಹಾಕುವುದಾದರೆ ಭಾವನ ತಮ್ಮನಿಗೆ ಎಂದೋ ಹಾಕಬೇಕಿತ್ತು. ಅವ್ವ ಇವತ್ತಿಗೂ ಊಟಕ್ಕೆ ಕೂರುವಾಗ ಒಂದು ರೊಟ್ಟಿ ಬೇರೆ ಇಡುತ್ತಾಳೆ ಎಂದು ನೀನೇ ಬರೆದಿದ್ದೀಯೆ. ಆ ರೊಟ್ಟಿಯನ್ನು ಯಾರು ಎತ್ತಿಡಬೇಕು ಎಂದು ಭಾವ ಯೋಚಿಸಿದ್ದಾರೆಯೇ?

ಟೆಂಟಿನ ಸಿನಿಮಾದಲ್ಲಿ ಕಲ್ಲಾಗಿ ನಿಂತ ಹುಡುಗಿಯರ ನಡುವೆ ಗಾದ್ರಿಯನ್ನು ಕಂಡೆ ಎಂದು ಹೋದ ಕಾಗದದಲ್ಲಿ ಬರೆದಿದ್ದೆ. ಅದಕ್ಕೆ ಭಾವ ಕೊಟ್ಟ ಉತ್ತರವನ್ನೂ ನೀನು ಹಾಗೆಯೇ ಬರೆದೆ. "ಅದು ಬಣ್ಣ ಬಳ್ದ ಗೊಂಬೆ ಇರಬೇಕು. ಕಲ್ಲಾಗಿ ನಿಂತೋರು ಯಾರಾದ್ರೂ ರೆಪ್ಪೆ ಹೊಡ್ದೇ ಹೊಡೀತಾರೆ ಅಂತ ಚೌಡಮ್ಮನೇ ಹೇಳ್ತಿದ್ಳು. ಇವ್ಳು ಹೊಡ್ದಿಲ್ಲ ಅಂದ್ರೆ ಉಸಿರಿಲ್ಲ ಅಂತ ಆಯ್ತಲ್ಲ." ನನ್ನ ಮಾತನ್ನೇ ಹಿಡಿದು ನನಗೇ ಹೊಡೆದರು. ಆದ್ದರಿಂದ ಈ ವಿದ್ಯೆಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ತಾಳ್ಮೆಯಿಂದ ಕೇಳಲಿ.

ಮಾಯಾಮಂತ್ರದ ಚಿತ್ರ ಯಾವುದು ಬಂದರೂ ನಾನು ಬಿಡುವುದಿಲ್ಲ, ಬಿಟ್ಟರೆ ಊಟ ಸೇರುವುದಿಲ್ಲ. ಹಾಗಂತ ಕಣ್ಣು ಮುಚ್ಚಿಕೊಂಡು ಮೆಚ್ಚುವವಳೂ ಅಲ್ಲ. ಹಾರುವ ಚಾಪೆಯ ತಂತಿ ಮುಂದಿನ ಸಾಲಿನಲ್ಲಿ ಕೂತವರಿಗೆಲ್ಲ ಕಾಣುತ್ತದೆ. ಮಾಂತ್ರಿಕರು ಅಷ್ಟೊಂದು ನಗುವುದು ನನಗೆ ಹಿಡಿಸುವುದಿಲ್ಲ. ಉಬ್ರಾಣಿಯ ಕಡೆ ತಾಯಿತ ಕಟ್ಟುವ ಬೈಲಪ್ಪ ಒಂದು ದಿನವೂ ನಕ್ಕಿದ್ದನ್ನು ಯಾರೂ ಕಂಡಿಲ್ಲ, ಕೆಮ್ಮುತ್ತಾನೆ ಅಷ್ಟೆ, ಆದರೂ ಜನ ಅವನಿಗೆ ಹೆದರುತ್ತಾರೆ. ಹೋದ ವರ್ಷ ಚಂದ್ರಲೋಕಕ್ಕೆ ಹಾರಿಹೋಗುವ ಇಂಗ್ಲಿಷ್ ಚಿತ್ರ ಬಂದಿತ್ತು. ಕೊಳವೆಯಂಥ ವಿಮಾನದಲ್ಲಿ ಮೂವರು ಗಂಡಸರು ಕೂತು ಹೋದರು. ಅಷ್ಟು ದೂರ ಹೋಗುವವರು ಒಂದು ಬುತ್ತಿ ಗಂಟಾದರೂ ಕಟ್ಟಿಕೊಳ್ಳಬೇಡವೇ? ನಮ್ಮ ಮನೆಯವರು, ಅಲ್ಲಿ ಹಸಿವಾಗುವುದಿಲ್ಲ ಎಂದು ಸಮಜಾಯಿಷಿ ಹೇಳಿದರು. ಹೆಂಗಸು ತೆಗೆದ ಚಿತ್ರವಾಗಿದ್ದರೆ ಬುತ್ತಿ ಇರುತ್ತಿತ್ತು ಎಂದೆ.

ನನಗೆ ಎಲ್ಲಕ್ಕಿಂತ ಇಷ್ಟ ಜನ ಕಲ್ಲಾಗುವ ಸನ್ನಿವೇಶ. ಮೈಗೆಲ್ಲ ಸುಣ್ಣದಂಥ ಬಣ್ಣ ಬಳಿದು ಹುಡುಗಿಯರನ್ನು ಸಾಲಾಗಿ ನಿಲ್ಲಿಸುತ್ತಾರೆ. ಉಸಿರು ಬಿಗಿಹಿಡಿದು ನಿಂತರೂ ಯಾರೋ ಒಬ್ಬಳು ರೆಪ್ಪೆ ಹೊಡೆಯುತ್ತಾಳೆ. ಅವಳನ್ನು ಹಿಡಿಯುವುದೇ ನನ್ನ ಆಟ. ಇದನ್ನು ಕಲಿತದ್ದು ಸೂಳೆಕೆರೆಯ ಏರಿಯ ಮೇಲೆ, ನಿನಗೆ ನೆನಪಿರಬೇಕು. ನಾವು ಮೂವರೂ ಎದುರುಬದುರು ಕೂತು ರೆಪ್ಪೆ ಹೊಡೆಯದೆ ನೋಡುತ್ತಿದ್ದೆವು. ಗಾದ್ರಿ ಯಾವಾಗಲೂ ಸೋಲುತ್ತಿದ್ದಳು. ಅವಳ ಎಡಗಣ್ಣಿನ ರೆಪ್ಪೆ ಮೊದಲು ಇಳಿಯುತ್ತಿತ್ತು, ಬಲಗಣ್ಣು ಇನ್ನೂ ಜಂಬದಿಂದ ತೆರೆದೇ ಇರುತ್ತಿತ್ತು. ನಾವು ನಕ್ಕರೆ ಅವಳಿಗೆ ಅಳು ಬರುತ್ತಿತ್ತು.

ಇಲ್ಲಿ ಕೋಟೆಯ ಕೆಳಗಿನ ಬಯಲಿನಲ್ಲಿ ಟೆಂಟು ಹಾಕಿದ್ದರು. ತೆಲುಗು ಮಾತಿನ ಚಿತ್ರ. ಮಾಂತ್ರಿಕ ತನ್ನ ಗುಹೆಯಲ್ಲಿ ಕಲ್ಲು ಮಾಡಿಟ್ಟ ಕನ್ನಿಕೆಯರನ್ನು ರಾಜಕುಮಾರನಿಗೆ ತೋರಿಸುತ್ತಾನೆ. ಒಂದೊಂದೇ ಮುಖ ಪರದೆಯ ತುಂಬ ಬರುತ್ತದೆ. ಆಗ ಹಾಡಿಲ್ಲ, ಮಾತಿಲ್ಲ, ಮಿಷನ್ನಿನ ಸದ್ದು ಬಿಟ್ಟರೆ ಏನೂ ಇಲ್ಲ. ಮೊದಲನೆಯವಳು ರೆಪ್ಪೆ ಹೊಡೆದಳು. ಎರಡನೆಯವಳ ಗಂಟಲು ಅಲುಗಿತು. ನಾನು ಗೆದ್ದೆ ಎಂದುಕೊಳ್ಳುವಾಗಲೇ ಗಾದ್ರಿ ಬಂದಳು. ತೂಬಿನ ಕಲ್ಲು ತಾಗಿ ಆದ ಹುಬ್ಬಿನ ಗಾಯವೂ ಬಣ್ಣದ ಕೆಳಗೆ ಕಾಣುತ್ತಿತ್ತು. ಅವಳು ರೆಪ್ಪೆ ಹೊಡೆಯಲಿಲ್ಲ. ನನ್ನನ್ನೇ ನೋಡಿದಳು. ಹೆಂಗಸರ ಕಡೆ ಅಳುತ್ತಿದ್ದ ಕೂಸುಗಳೆಲ್ಲ ಒಮ್ಮೆಗೇ ಸುಮ್ಮನಾದವು. ಅಷ್ಟರಲ್ಲಿ ರೀಲು ನಿಂತುಹೋಗಿ ಕತ್ತಲಾಯಿತು.

ಪರದೆಯ ಮೇಲಿನ ಕಣ್ಣು ಎಲ್ಲಿ ಕೂತವರನ್ನೂ ನೋಡಿದಂತೆ ಕಾಣುತ್ತದೆ ಎಂದು ನಮ್ಮ ಮನೆಯವರು ಸಮಾಧಾನ ಹೇಳಿದರು. ಇರಬಹುದು. ಟೆಂಟು ಹೊನ್ನಾಳಿಗೆ ಹೋಯಿತು. ಅತ್ತೆಯ ತಂಗಿಗೆ ಹುಷಾರಿಲ್ಲವೆಂದು ನೆಪ ಹೇಳಿ, ಇದ್ದಿಲಿನ ಹೊಗೆಯಿಂದ ಓಡುವ ಬಸ್ಸು ಹತ್ತಿ ನಾನೂ ಹೋದೆ. ಆ ಪುಣ್ಯಾತ್ಗಿತ್ತಿ ಕಬ್ಬಿಣದ ಗುಂಡಿನ ಹಾಗಿದ್ದಳು. ಅವಳನ್ನೂ ಕರೆದುಕೊಂಡು ಟೆಂಟಿನ ತೀರ ಮೂಲೆಯಲ್ಲಿ, ಕಂಬದ ಮರೆಯಲ್ಲಿ ಕೂತೆ. ಗಾದ್ರಿ ಅಲ್ಲಿಗೂ ನೋಡಿದಳು. ಅಲ್ಲಿಯೂ ಕೂಸುಗಳು ಸುಮ್ಮನಾದವು, ಅದೇ ಮುಖದ ಮೇಲೆ ರೀಲು ನಿಂತಿತು. ಚಿಕ್ಕತ್ತೆ ನನ್ನ ಕೈ ಹಿಡಿದುಕೊಂಡು, "ಈ ಹುಡುಗಿ ಯಾರ್ನೋ ಹುಡುಕ್ತಾ ಐತೆ ಕಣೇ" ಅಂದಳು. ನಾನು ಅವಳಿಗೆ ಏನನ್ನೂ ಹೇಳಿರಲಿಲ್ಲ.

ನ್ಯಾಮತಿಗೆ ನಮ್ಮ ಮನೆಯವರೇ ಕರೆದುಕೊಂಡು ಹೋದರು. ಹೆಂಡತಿಯ ತಲೆ ಕೆಟ್ಟಿದೆಯೇ ಎಂದು ನೋಡಲು ಬಂದಿದ್ದರೆಂದು ಕಾಣುತ್ತದೆ. ಅಲ್ಲಿ ರೀಲು ನಿಂತಾಗ ದೀಪದ ಕಾವಿಗೆ ಚಿತ್ರದ ಅಂಚು ಕಂದಿ ಹೊಗೆಯಾಡಿತು. ಮಿಷನ್ ನಡೆಸುವ ಓಬಣ್ಣ ಗಾಬರಿಯಿಂದ ಆರಿಸಿಬಿಟ್ಟ. ಆಟ ಮುಗಿದ ಮೇಲೆ ಹೋಗಿ ಮಾತನಾಡಿಸಿದೆವು. ಅವನು ಹೇಳಿದ್ದು ಇಷ್ಟು. "ಎಲ್ಲಾ ಊರಾಗೂ ಈ ಹುಡುಗಿ ಮುಖ ಬಂದ್ರೆ ನಿಲ್ತೈತೆ ಕಣ್ರವ್ವ. ರೀಲು ಹರಿದಿಲ್ಲ, ಪಕ್ಕದ ತೂತು ಕಿತ್ತಿಲ್ಲ. ಹೆಂಗೆ ಅಂತ ನಂಗೂ ತಿಳೀವಲ್ದು. ಇವತ್ತು ಟೆಂಟೇ ಸುಡ್ತಿತ್ತು. ಇಷ್ಟುದ್ದ ಕತ್ತರಿಸಿ ಅಂಟಿಸಿಬಿಡ್ತೀನಿ." ಚಿತ್ರ ತೆಗೆದದ್ದು ಹೋದ ವರ್ಷ, ಮದರಾಸಿನಲ್ಲಂತೆ. ಆ ಹುಡುಗಿಯರ ಹೆಸರು ಯಾರಿಗೂ ಗೊತ್ತಿಲ್ಲ. ಕಂಪನಿಗೆ ಕಾಗದ ಹಾಕಿದ್ದೇವೆ, ಉತ್ತರ ಬಂದಿಲ್ಲ.

ಕತ್ತರಿಸಿದ ತುಂಡನ್ನು ನಾನು ಬೇಡಿ ತಂದಿದ್ದೇನೆ. ಈ ಕಾಗದದೊಳಗೆ ಅರಳೆ ಸುತ್ತಿ ಇಟ್ಟಿದ್ದೇನೆ, ಬೆಂಕಿಯಿಂದ ದೂರವಿಡು. ಆ ಟೆಂಟು ಮುಂದಿನ ವಾರ ನಿಮ್ಮೂರಿಗೇ ಬರುತ್ತದಂತೆ. ಅವ್ವನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಡ. ಆ ಚಿತ್ರದಲ್ಲಿ ಗಾದ್ರಿ ಈಗ ಇಲ್ಲ, ಇರುವುದು ಈ ತುಂಡಿನಲ್ಲಿ ಮಾತ್ರ. ಬಿಸಿಲಿಗೆ ಹಿಡಿದರೆ ಸಣ್ಣ ಸಣ್ಣ ಚಿತ್ರಗಳು ಕಾಣುತ್ತವೆ, ಎಲ್ಲವೂ ಅವಳ ಮುಖವೇ. ನಮ್ಮ ಮನೆಯವರು ಗಡಿಯಾರ ರಿಪೇರಿಗೆ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಗಾಜನ್ನೂ ಜೊತೆಗೆ ಕಳಿಸಿದ್ದೇನೆ. ಅವರಿಗೆ ಇನ್ನೂ ಗೊತ್ತಿಲ್ಲ.

ಭಾವನಿಗೆ ಹೇಳು, ಗಾಜು ಹಿಡಿದು ಕೊನೆಯ ಚಿತ್ರವನ್ನು ನೋಡಲಿ. ಮಿಕ್ಕವುಗಳಲ್ಲಿ ಕಣ್ಣು ತೆರೆದಿದೆ, ಕೊನೆಯದರಲ್ಲಿ ಎರಡೂ ಕಣ್ಣು ಮುಚ್ಚಿದೆ. ರೆಪ್ಪೆ ಹೊಡೆದಿದ್ದಾಳೆ. ಪರದೆಯ ಮೇಲೆ ಇದು ಬರುವ ಮೊದಲೇ ರೀಲು ನಿಲ್ಲುತ್ತಿದ್ದುದರಿಂದ ಯಾರಿಗೂ ಕಂಡಿರಲಿಲ್ಲ. ಗೊಂಬೆ ರೆಪ್ಪೆ ಹೊಡೆಯುವುದಿಲ್ಲ ಎಂದವರು ಅವರೇ ಅಲ್ಲವೇ? ಈಗ ಹಿಟ್ಟಿನ ಗೊಂಬೆ ಮಾಡುವುದು ಬೇಡ. ಅಮಾವಾಸ್ಯೆ ಬಂದು ಹೋಗಲಿ. ಉಸಿರಿರುವ ಹುಡುಗಿಗೆ ಮಣ್ಣು ಹಾಕಿದ ಮನೆ ಎಂದು ತಿಳಿದರೆ ನಿನ್ನ ಮಗಳನ್ನು ಯಾರು ತಾನೇ ಕೇಳಿಕೊಂಡು ಬಂದಾರು?

ಅವ್ವಾ, ನೀನು ರೊಟ್ಟಿ ಇಡುವುದನ್ನು ನಿಲ್ಲಿಸಬೇಡ. ಗಾದ್ರಿ ಬಣ್ಣ ತೊಳೆದುಕೊಂಡು ಬಂದೇ ಬರುತ್ತಾಳೆ. ನಿನಗೆ ಕಣ್ಣು ಮಂಜಾದರೂ ಆ ಹುಬ್ಬಿನ ಗಾಯ ಗುರುತು ಸಿಕ್ಕುತ್ತದೆ.

ಮಕ್ಕಳಿಗೆ ನನ್ನ ಆಶೀರ್ವಾದ. ಭಾವನಿಗೆ ನಮಸ್ಕಾರ, ಸಿಟ್ಟಿನ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಇಂತಿ ನಿನ್ನ ತಂಗಿ,
ಚೌಡಮ್ಮ

ಮರೆತ ಮಾತು: ಅಕ್ಕ, ಇಲ್ಲಿಂದ ಮುಂದೆ ಮನಸ್ಸಿನಲ್ಲೇ ಓದಿಕೋ. ಮಕ್ಕಳಿಗೆ ಬೆಲ್ಲ ಕೊಡು ಎಂದು ಬರೆದಿದ್ದಾಳೆ ಎಂದು ಅವ್ವನಿಗೆ ಹೇಳು.

ಓಬಣ್ಣ ಇನ್ನೊಂದು ಮಾತನ್ನೂ ಹೇಳಿದ. ಆ ಚಿತ್ರ ತೆಗೆಯುವಾಗ ಹುಡುಗಿಯರಿಗೆ ಮೈ ತುಂಬ ಬಣ್ಣ ಬಳಿದು, ಬೆನ್ನಿಗೆ ಸರಳು ಕಟ್ಟಿ, ಉರಿಯುವ ದೀಪಗಳ ಮುಂದೆ ದಿನವಿಡೀ ನಿಲ್ಲಿಸಿದ್ದರಂತೆ. ಒಬ್ಬಳು ಒಂದು ಸಲವೂ ರೆಪ್ಪೆ ಹೊಡೆಯಲಿಲ್ಲವೆಂದು ಎಲ್ಲರೂ ಹೊಗಳಿದರಂತೆ. ಸಂಜೆ ಸರಳು ಬಿಚ್ಚಿದಾಗ ಅವಳು ಬಿದ್ದಳು. ಮೈ ಆಗಲೇ ತಣ್ಣಗಾಗಿತ್ತು. ಅವಳು ಯಾರು, ಯಾವ ಊರಿನವಳು ಎಂದು ಅವನಿಗೆ ಗೊತ್ತಿಲ್ಲ.

ಮನೆಗೆ ಬಂದು ಗಾಜು ಹಿಡಿದು ಎಲ್ಲ ಚಿತ್ರಗಳನ್ನೂ ನೋಡಿದೆ. ಎಲ್ಲದರಲ್ಲೂ ಕಣ್ಣು ತೆರೆದೇ ಇತ್ತು, ಕೊನೆಯದರಲ್ಲಿಯೂ. ಇದನ್ನು ಕಳಿಸಿದರೆ ಭಾವ ಗೊಂಬೆ ಮಾಡಿಯೇ ತೀರುತ್ತಾರೆ, ಗೊಂಬೆಯ ಜೊತೆಗೆ ಅವ್ವನೂ ಹೋಗುತ್ತಾಳೆ. ಅದಕ್ಕೇ ನಾನು ಸೂಜಿ ತೆಗೆದುಕೊಂಡು ಕೊನೆಯ ಚಿತ್ರದಲ್ಲಿ ಎರಡೂ ಕಣ್ಣಿನ ಕಪ್ಪನ್ನು ಕೆರೆದುಬಿಟ್ಟೆ. ಕಪ್ಪು ಹೋದ ಜಾಗ ಬಣ್ಣ ಬಳಿದ ರೆಪ್ಪೆಯ ಹಾಗೆಯೇ ಬೆಳ್ಳಗೆ ಕಾಣುತ್ತದೆ. ಕೆರೆಯುವಾಗ ಅವಳ ಹೆಸರು ಹಿಡಿದು ಅತ್ತುಬಿಟ್ಟೆ. ಇಷ್ಟು ಸುಳ್ಳನ್ನು ನೀನು ಬಚ್ಚಿಟ್ಟುಕೊಳ್ಳಬೇಕು.

ಈ ಬೆಳಿಗ್ಗೆ ಅರಳೆ ಸುತ್ತುವ ಮೊದಲು ಇನ್ನೊಮ್ಮೆ ಬಿಸಿಲಿಗೆ ಹಿಡಿದೆ. ಕೊನೆಯದು ನಾನು ಕೆರೆದ ಹಾಗೆಯೇ ಇದೆ. ಅದರ ಹಿಂದಿನ ಚಿತ್ರದಲ್ಲಿ ಗಾದ್ರಿಯ ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿದೆ, ಬಲಗಣ್ಣು ತೆರೆದಿದೆ. ಉಗುರಿನಿಂದ ಸವರಿ ನೋಡಿದೆ, ಗೀರಿಲ್ಲ, ನುಣುಪಾಗಿದೆ. ಅಕ್ಕ, ನಾನು ಆ ಚಿತ್ರವನ್ನು ಮುಟ್ಟಿಲ್ಲ.